ನಮ್ಮ ಬೆಲೆ ಎಷ್ಟು?

ಯುವಜನರ ಪಾಠ. ಓದಬೇಕಾದ ಭಾಗ: ಲೂಕ 15:11-32



ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅಲ್ಲಿನ ದೇವಸ್ಥಾನದ ಚಾವಣಿಯಲ್ಲಿ ಅದನ್ನು ಕಟ್ಟಿಸಿದ ಸಹೋದರರಾದ ವಿರೂಪಣ್ಣ, ವೀರಣ್ಣರ ಚಿತ್ರವಿದೆ. ರಾಜನ ಬೊಕ್ಕಸದ ಹಣ ಬಳಸಿದ ಆರೋಪ ಬಂದಾಗ ವಿರೂಪಣ್ಣ ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದನೆಂದು ಜನ ಹೇಳುವ ಕಥೆ. ಹಣದ ವಿಷಯದಲ್ಲಿ ಸೋತವನಿಗೆ ತನ್ನ ಮುಖ ನೋಡಿಕೊಳ್ಳುವುದೂ ಕಷ್ಟ.

ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ (1606-1669) ಬೇರೆ ದಾರಿ ಹಿಡಿದರು. ಕೈತುಂಬ ಸಂಪಾದನೆ ಇದ್ದ ಕಾಲದಲ್ಲಿ, ಸುಮಾರು 1635ರಲ್ಲಿ, ತಮ್ಮನ್ನೇ ದುಂದುಗಾರ ಮಗನಾಗಿ ಚಿತ್ರಿಸಿಕೊಂಡರು: ಎತ್ತಿ ಹಿಡಿದ ಮದ್ಯದ ಲೋಟ, ಮುಖದ ತುಂಬ ನಗು. 1639ರಲ್ಲಿ 13,000 ಗಿಲ್ಡರಿಗೆ ದೊಡ್ಡ ಮನೆ ಕೊಂಡರು. ಸಾಲ ತೀರಲಿಲ್ಲ. 1656ರಲ್ಲಿ ದಿವಾಳಿಯಾದರು, ಮನೆ, ಸಾಮಾನು ಎಲ್ಲವೂ ಮಾರಾಟವಾದವು.

ಆದರೂ ಅವರು ಕನ್ನಡಿಯನ್ನು ಮುಚ್ಚಿಡಲಿಲ್ಲ. 1658ರ ಚಿತ್ರದಲ್ಲಿ ಹೊನ್ನಿನ ಬಣ್ಣದ ಉಡುಪು ತೊಟ್ಟು, ಕೋಲು ಹಿಡಿದು, ನೇರವಾಗಿ ನಮ್ಮನ್ನೇ ನೋಡುತ್ತಾ ಕುಳಿತಿದ್ದಾರೆ. ಮುಖದ ದಣಿವನ್ನು ಮರೆಮಾಡಿಲ್ಲ. 1661ರಲ್ಲಿ ತಮ್ಮನ್ನು ಪ್ರೇಷಿತ ಪೌಲರಾಗಿ ಚಿತ್ರಿಸಿಕೊಂಡರು. ಕೊನೆಯ ವರ್ಷಗಳಲ್ಲಿ ಮತ್ತೆ ದುಂದುಗಾರ ಮಗನ ಕಥೆಗೇ ಬಂದರು: ಸವೆದ ಪಾದರಕ್ಷೆಯ ಮಗ ಮೊಣಕಾಲೂರಿದ್ದಾನೆ, ತಂದೆಯ ಎರಡೂ ಕೈಗಳು ಅವನ ಬೆನ್ನ ಮೇಲಿವೆ.

ಶುಭಸಂದೇಶವನ್ನು ಗಮನಿಸೋಣ. ಕಿರಿಯ ಮಗ ತನ್ನ ಬೆಲೆಯನ್ನು ಕೂಲಿಯಾಳಿನ ಮಟ್ಟಕ್ಕೆ ಇಳಿಸಿಕೊಂಡು, ಮಾತು ಸಿದ್ಧಮಾಡಿಕೊಂಡು ಬರುತ್ತಾನೆ. ಆ ಮಾತು ಪೂರ್ತಿಯಾಗುವ ಮೊದಲೇ ತಂದೆ ಉಂಗುರ, ಪಾದರಕ್ಷೆ ತರಿಸುತ್ತಾನೆ. ಹಾಳಾದ ಆಸ್ತಿಯ ಲೆಕ್ಕ ಕೇಳುವುದಿಲ್ಲ. ಹಿರಿಯ ಮಗನೋ ದುಡಿದ ವರ್ಷಗಳಿಂದ ತನ್ನನ್ನು ಅಳೆಯುತ್ತಾನೆ. ಇಬ್ಬರ ಕೈಯಲ್ಲೂ ಒಂದೇ ತಕ್ಕಡಿ. ತಂದೆ ಮಾತ್ರ ಇಬ್ಬರನ್ನೂ ಮಕ್ಕಳೆಂದೇ ಕಾಣುತ್ತಾನೆ.

ಕಲ್ಯಾಣದುರ್ಗದಲ್ಲಿ ಮಳೆ ಕೈಕೊಟ್ಟರೆ ಕಡಲೇಕಾಯಿ ಹೋಯಿತು. ಹಿಂದೂಪುರದಲ್ಲಿ ರೇಷ್ಮೆಗೂಡಿನ ದರ ಬಿದ್ದರೆ ಮನೆಯ ಲೆಕ್ಕವೇ ತಪ್ಪಿತು. ಡಿಗ್ರಿ ಮುಗಿಸಿ ಕೆಲಸ ಸಿಗದ ನಾವು ನೆಂಟರ ಮನೆಯ ಮದುವೆಗೂ ಹೋಗಲು ಹಿಂಜರಿಯುತ್ತೇವೆ. ಸಾಲ ತೀರಿಸುವುದು ನಮ್ಮ ಹೊಣೆ, ನಿಜ. ಆದರೆ ಸಾಲ ನಮ್ಮ ಹೆಸರಲ್ಲ.

ಈ ವಾರದ ಅಭ್ಯಾಸ:

1. ಕನ್ನಡಿ ನೋಡಿ ನಮ್ಮ ಮುಖವನ್ನು ಬರೆಯೋಣ. ಅಂದವಾಗಿರಬೇಕೆಂದೇನಿಲ್ಲ.
2. ನಮಗೆ ಬೆಲೆ ತರುತ್ತವೆ ಎಂದುಕೊಂಡವುಗಳನ್ನು ಪಕ್ಕದಲ್ಲಿ ಪಟ್ಟಿ ಮಾಡೋಣ. ಹಣದಿಂದ ಬಂದವನ್ನು ಹೊಡೆದುಹಾಕಿ, ಉಳಿದದ್ದನ್ನು ಗುಂಪಿನಲ್ಲಿ ಓದೋಣ.
3. ಕೈ ಬರಿದಾಯಿತೆಂದು ನಾಚಿ ಭಾನುವಾರದ ಬಲಿಪೂಜೆಗೂ ಬಾರದವರು ನಮ್ಮ ಬೀದಿಯಲ್ಲಿ ಇದ್ದಾರೆಯೇ? ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿ ಬರೋಣ. ಲೆಕ್ಕ ಕೇಳುವುದು ಬೇಡ.