ಬರವಣಿಗೆಯಲ್ಲಿ ಅಲಂಕಾರದ ಸ್ಥಾನ

ಅಲಂಕಾರವೆಂಬ ಶಬ್ದಕ್ಕೆ ಒಡವೆ ಎಂಬುದು ರೂಢಿಯ ಅರ್ಥ. ಆದುದರಿಂದಲೇ ಬರವಣಿಗೆಯಲ್ಲಿಯೂ ಅಲಂಕಾರವೆಂದರೆ ಮಾತು ಸಿದ್ಧವಾದ ಬಳಿಕ ಮೇಲಿನಿಂದ ತೊಡಿಸುವ ವಸ್ತುವೆಂಬ ಭಾವನೆ ಬೇರೂರಿದೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮುಖಗಳೆಲ್ಲ ಚಂದ್ರನಾಗುವುದಕ್ಕೂ ಕಣ್ಣುಗಳೆಲ್ಲ ಕಮಲವಾಗುವುದಕ್ಕೂ ಈ ಭಾವನೆಯೇ ಕಾರಣ. ಪರೀಕ್ಷೆಯಲ್ಲಿ ಅಲಂಕಾರವನ್ನು ಹೆಸರಿಸಿ ಲಕ್ಷಣ ಸಮನ್ವಯ ಮಾಡಬಲ್ಲ ಬಾಲಕನು ತಾನಾಗಿ ಒಂದು ಉಪಮೆಯನ್ನು ಬರೆಯಲಾರದೆ ಹೋಗುವುದುಂಟು. ಅಲಂಕಾರವು ಅರ್ಥಕ್ಕೆ ತೊಡಿಸುವ ಒಡವೆಯೋ, ಅರ್ಥವನ್ನು ಹೊರುವ ಅಂಗವೋ ಎಂಬುದು ಆದಕಾರಣ ವಿಚಾರಾರ್ಹವಾಗಿದೆ.

ಕನ್ನಡಕ್ಕೆ ಈ ವಿಚಾರವು ಹೊಸದಲ್ಲ. ಇಂದು ಲಭ್ಯವಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ವು ಅಲಂಕಾರಶಾಸ್ತ್ರದ ಗ್ರಂಥವೇ ಆಗಿದೆ. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದ ಈ ಗ್ರಂಥದಲ್ಲಿ 3 ಪರಿಚ್ಛೇದಗಳಿವೆ. ಮೊದಲನೆಯದು ದೋಷಾದೋಷಗಳ ವಿಚಾರ. ಶಬ್ದಾಲಂಕಾರ, ಅರ್ಥಾಲಂಕಾರಗಳು ಅನಂತರ ಬರುತ್ತವೆ. ಮಾತು ಮೊದಲು ನಿರ್ದುಷ್ಟವಾಗಬೇಕು, ಬಳಿಕ ಅಲಂಕೃತವಾಗಬೇಕು ಎಂಬ ಪಾಠವನ್ನು ಈ ಕ್ರಮದಿಂದಲೇ ಗ್ರಹಿಸಬಹುದು.

ಲಕ್ಷಣಗ್ರಂಥಗಳು ಅಲಂಕಾರದ ಭೇದಗಳನ್ನು ಹೇಳಿದರೆ, ಅದರ ಪ್ರಯೋಜನವನ್ನು 12ನೆಯ ಶತಮಾನದ ಶಿವಶರಣರು ತೋರಿಸಿದರು. ಉಳ್ಳವರು ಶಿವನಿಗೆ ಆಲಯ ಕಟ್ಟಿಸಬಲ್ಲರು. ಬಡವನು ಏನು ಮಾಡಬೇಕು? ಬಸವಣ್ಣನವರು ಈ ಪ್ರಶ್ನೆಗೆ ಉತ್ತರವಿತ್ತುದು ರೂಪಕದಿಂದ. ಕಾಲುಗಳು ಕಂಬಗಳಾದವು, ದೇಹವು ದೇಗುಲವಾಯಿತು, ಶಿರಸ್ಸು ಹೊನ್ನಿನ ಕಳಸವಾಯಿತು. ಇಲ್ಲಿ ದೇಹವು ದೇಗುಲದಂತಿದೆ ಎಂದಿದ್ದರೆ ಉಪಮೆಯಾಗಿ, ಎರಡರ ನಡುವೆ ಅಂತರ ಉಳಿಯುತ್ತಿತ್ತು. ರೂಪಕದ ಲಕ್ಷಣವು ಅಭೇದ. ಆ ಅಭೇದದ ಬಲದಿಂದಲೇ ಬಡವನಿಗೂ ದೇವಾಲಯ ದೊರೆಯಿತು. ರೂಪಕವನ್ನು ತೆಗೆದರೆ ಆ ವಚನದಲ್ಲಿ ಸೊಬಗು ಮಾತ್ರವಲ್ಲ, ಉತ್ತರವೇ ಇಲ್ಲವಾಗುತ್ತದೆ.

ಅಕ್ಕಮಹಾದೇವಿಯು ರೇಷ್ಮೆಯ ಹುಳುವನ್ನು ಉಪಮಾನವಾಗಿ ತಂದಿರುವುದೂ ಇಂತಹದೇ. ಹುಳುವು ಪ್ರೀತಿಯಿಂದ ನೂತ ನೂಲೇ ಅದಕ್ಕೆ ಬಂಧನವಾಗುವುದನ್ನು ಕಂಡವರಿಗೆ, ಮನುಷ್ಯನು ತನ್ನ ಆಸೆಯಿಂದಲೇ ಬದ್ಧನಾಗುವ ಬಗೆಯನ್ನು ಬೇರೆ ವಿವರಿಸಬೇಕಾಗಿಲ್ಲ. ನೂಲುವ ಕಾಯಕದ ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಭಾಗಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡಳು. ಉಪಮಾನಕ್ಕಾಗಿ ಆಕೆ ಅರಮನೆಯ ಉದ್ಯಾನವನ್ನು ಹುಡುಕಲಿಲ್ಲ. ಕೈಯಲ್ಲಿದ್ದ ಕಾಯಕವೇ ಸಾಕಾಯಿತು.

ಇದರಿಂದ ಬರವಣಿಗೆಗೆ ಎರಡು ಸೂತ್ರಗಳು ದೊರೆಯುತ್ತವೆ. ಉಪಮಾನವು ಬರೆಯುವವನು ಸ್ವತಃ ಕಂಡರಿತ ವಸ್ತುವಾಗಿರಬೇಕು ಎಂಬುದು ಮೊದಲನೆಯದು. ಅಲಂಕಾರವನ್ನು ತೆಗೆದುಹಾಕಿದಾಗ ಅರ್ಥಕ್ಕೆ ಊನವಾಗಬೇಕು ಎಂಬುದು ಎರಡನೆಯದು. ಊನವಾಗದಿದ್ದರೆ ಅದು ಅಲ್ಲಿ ಅನಾವಶ್ಯಕ. ಒಕ್ಕಲಿನ ಮನೆಯ ಬಾಲಕನು ಹೀಗೆ ಬರೆದನೆಂದು ಭಾವಿಸೋಣ: “ಬಿತ್ತುವಾಗ ಕೂರಿಗೆಯ ಸಾಲು ತಪ್ಪಿದ್ದು ಪೈರು ಮೇಲೆದ್ದಾಗ ಊರಿಗೆಲ್ಲ ಕಾಣುವಂತೆ, ಬಾಲ್ಯದಲ್ಲಿ ತಪ್ಪಿದ ನಡತೆ ಪ್ರಾಯದಲ್ಲಿ ಕಾಣುತ್ತದೆ.” ಇಲ್ಲಿ ಬಾಲ್ಯದಲ್ಲಿ ತಪ್ಪಿದ ನಡತೆ ಉಪಮೇಯ, ತಪ್ಪಿದ ಕೂರಿಗೆಯ ಸಾಲು ಉಪಮಾನ, ‘ಅಂತೆ’ ಉಪಮಾವಾಚಕ, ಮೊದಲು ಮರೆಯಾಗಿದ್ದು ಮುಂದೆ ಪ್ರಕಟವಾಗುವುದು ಸಮಾನಧರ್ಮ. ನಾಲ್ಕು ಅಂಗಗಳೂ ಇರುವುದರಿಂದ ಇದು ಪೂರ್ಣೋಪಮೆ. ಉಪಮಾನವನ್ನು ಬಿಟ್ಟು ಓದಿದರೆ ಉಳಿಯುವುದು ಒಣ ಉಪದೇಶ ಮಾತ್ರ.

ಅಲಂಕಾರದ ಪಾಠವು ಹೆಸರಿಸುವುದರಲ್ಲಿಯೇ ಮುಗಿಯಬಾರದು. ಲಕ್ಷಣವನ್ನು ತಿಳಿಸಿದ ದಿನವೇ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಕಾಯಕದಿಂದ ಒಂದು ಉಪಮೆಯನ್ನು ಬರೆದು ತರುವಂತೆ ಅಧ್ಯಾಪಕರು ಪ್ರೇರೇಪಿಸುವುದು ಉಚಿತ. ಮಠದ ಆಶ್ರಯದ ಶಾಲೆಗಳಿಗೆ ನೇಕಾರರ, ಕಮ್ಮಾರರ, ಕುಂಬಾರರ, ಕೂಲಿಕಾರರ ಮಕ್ಕಳು ಬರುತ್ತಾರೆ. ಮಗ್ಗ, ಕುಲುಮೆ, ತಿಗುರಿಗಳನ್ನು ಅವರು ಬಲ್ಲಷ್ಟು ಪಠ್ಯಪುಸ್ತಕ ಬಲ್ಲದು ಎನ್ನಲಾಗದು. ಆ ಅರಿವಿಗೆ ಬರವಣಿಗೆಯಲ್ಲಿ ಸ್ಥಾನ ದೊರೆತಾಗ ಭಾಷೆಗೆ ಹೊಸ ಕಸುವು ಬರುವುದಲ್ಲದೆ, ತನ್ನ ಮನೆಯ ಬದುಕೂ ಬರೆಯತಕ್ಕ ವಸ್ತುವೆಂಬ ಗೌರವಭಾವನೆ ಆ ಮಗುವಿನಲ್ಲಿ ನೆಲೆಗೊಳ್ಳುತ್ತದೆ. ಶರಣರು ತಮ್ಮ ಕಾಯಕದ ಭಾಷೆಯಲ್ಲಿ ನುಡಿದು ತೋರಿದ ದಾರಿಯೂ ಇದೇ ಆಗಿದೆ.