ಶುಶ್ರೂಷಾಧರ್ಮದಲ್ಲಿ ನುಡಿ ಮತ್ತು ನಡೆ

ರೋಗಶಯ್ಯೆಯಲ್ಲಿ ಮಲಗಿದವನು ತನ್ನ ದೇಹವನ್ನು ಮಾತ್ರವಲ್ಲದೆ ತನ್ನ ಮಾನವನ್ನೂ ಮನೆಯ ಗುಟ್ಟನ್ನೂ ಪರರ ಕೈಗೆ ಒಪ್ಪಿಸಿರುತ್ತಾನೆ. ವೈದ್ಯನು ಬಂದು ನೋಡಿ ಹೋಗುವನು. ಹಗಲಿರುಳು ಬಳಿಯಲ್ಲಿದ್ದು ಔಷಧ ಕೊಡುವವಳು, ಮೈಯೊರೆಸುವವಳು, ನರಳಾಟಕ್ಕೆ ಕಿವಿಗೊಡುವವಳು ದಾದಿ. ಆದುದರಿಂದಲೇ ಆಕೆಯ ವೃತ್ತಿಗೆ ಕೈಯ ನೈಪುಣ್ಯದಷ್ಟೇ ಮನಸ್ಸಿನ ಧರ್ಮವೂ ಅವಶ್ಯವಾಗಿದೆ.

ಈ ಧರ್ಮದ ಮುಖ್ಯ ತತ್ತ್ವಗಳು ನಾಲ್ಕು. ರೋಗಿಗೆ ಹಿತವನ್ನು ಮಾಡುವುದು ಮೊದಲನೆಯದು. ಹಾನಿಯನ್ನು ಮಾಡದಿರುವುದು ಎರಡನೆಯದು. ಔಷಧ ಕೊಡುವ ಮೊದಲು ರೋಗಿ, ಔಷಧ, ಪ್ರಮಾಣ, ಕೊಡುವ ಮಾರ್ಗ, ಕಾಲ ಈ ಐದೂ ಸರಿಯಾಗಿವೆಯೇ ಎಂದು ನೋಡಬೇಕೆಂಬ ನಿಯಮವು ಇದರಿಂದಲೇ ಹುಟ್ಟಿತು. ರೋಗಿಗೆ ವಿಷಯವನ್ನು ತಿಳಿಸಿ ಆತನ ಸಮ್ಮತಿಯನ್ನು ಪಡೆಯುವುದು ಮೂರನೆಯದು; ಬಡವ-ಬಲ್ಲಿದರೆಂಬ ಭೇದವಿಲ್ಲದ ಸಮದೃಷ್ಟಿ ನಾಲ್ಕನೆಯದು. ಹಾಸಿಗೆಯ ಬಳಿ ಕೇಳಿದ ಗುಟ್ಟನ್ನು ಹೊರಗೆ ಆಡದಿರುವುದೂ ಇವುಗಳೊಡನೆ ಸೇರಿದೆ.

ಆದರೆ ದಾದಿಯು ಯಾರಿಗೆ ಮೊದಲು ಹೊಣೆ? 1899ರಲ್ಲಿ ಸ್ಥಾಪಿತವಾದ ದಾದಿಯರ ಅಂತರರಾಷ್ಟ್ರೀಯ ಮಂಡಳಿಯು 1953ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯಲ್ಲಿ, ವೈದ್ಯನ ಆದೇಶವನ್ನು ವಿವೇಕದಿಂದಲೂ ನಿಷ್ಠೆಯಿಂದಲೂ ನೆರವೇರಿಸುವುದು ಕರ್ತವ್ಯವೆಂದು ಹೇಳಿತ್ತು. 1973ರ ಪರಿಷ್ಕೃತ ಸಂಹಿತೆಯಾದರೋ, ಶುಶ್ರೂಷೆ ಬೇಕಾದ ಜನರಿಗೇ ಆಕೆ ಮೊದಲು ಹೊಣೆಗಾರಳೆಂದು ಸಾರಿತು.

ಈ ಬದಲಾವಣೆಯ ಮಹತ್ತ್ವವನ್ನು ಅರಿಯಲು ಅಮೆರಿಕೆಯ ಒಂದು ಪರೀಕ್ಷೆ ಸಾಕು. ಚಾರ್ಲ್ಸ್ ಹೋಫ್ಲಿಂಗ್ ಎಂಬ ಮನೋವೈದ್ಯನೂ ಆತನ ಸಂಗಡಿಗರೂ 1966ರಲ್ಲಿ ಇದನ್ನು ಪ್ರಕಟಿಸಿದರು. ಅಪರಿಚಿತ ವೈದ್ಯನೊಬ್ಬನು ದೂರವಾಣಿಯಲ್ಲಿ, ರೋಗಿಯೊಬ್ಬನಿಗೆ ಹೊಸ ಔಷಧವೊಂದನ್ನು 20 ಮಿಲಿಗ್ರಾಂ ಕೊಡುವಂತೆ ಹೇಳುವನು. ದಿನಕ್ಕೆ 10 ಮಿಲಿಗ್ರಾಂ ಮೀರಕೂಡದೆಂದು ಡಬ್ಬಿಯ ಮೇಲೆಯೇ ಬರೆದಿತ್ತು. ದೂರವಾಣಿಯ ಆದೇಶವೂ ನಿಯಮಕ್ಕೆ ವಿರುದ್ಧವಾಗಿತ್ತು. ಆದರೂ 22 ದಾದಿಯರಲ್ಲಿ 21 ಮಂದಿ ಕೊಡಲು ಹೊರಟರು. ಅವರನ್ನು ನಡುವೆಯೇ ತಡೆಯಲಾಯಿತು; ಡಬ್ಬಿಯಲ್ಲಿದ್ದುದೂ ನಿರಪಾಯಕರ ವಸ್ತು. ಇದೇ ಪ್ರಸಂಗವನ್ನು ಬೇರೆ 12 ದಾದಿಯರಿಗೆ ವಿವರಿಸಿ ಕೇಳಿದಾಗ, ತಾವು ಕೊಡುವುದಿಲ್ಲವೆಂದು 10 ಮಂದಿ ಉತ್ತರಿಸಿದ್ದರು. ನುಡಿಯಲ್ಲಿ ಧರ್ಮವಿತ್ತು, ನಡೆಯ ಗಳಿಗೆಯಲ್ಲಿ ಅದು ಕೈಬಿಟ್ಟಿತು.

ಆ 21 ಮಂದಿ ಕೆಟ್ಟವರೆಂದು ತಿಳಿಯಲಾಗದು. ಮೇಲಿನವರ ಮಾತಿಗೆ ಎದುರಾಡದ ಅಭ್ಯಾಸವು ಒಳ್ಳೆಯವರನ್ನೂ ಕುರುಡಾಗಿಸಬಲ್ಲುದು. 1977ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ಔಷಧವು ದಾದಿಯರಿಗೆ ಪರಿಚಿತವಾಗಿತ್ತು. ಜೊತೆಯವರೊಡನೆ ವಿಚಾರಿಸಲು ಅವಕಾಶವೂ ಇತ್ತು. ಆಗ 18 ಮಂದಿಯಲ್ಲಿ ಮಿತಿಮೀರಿದ ಪ್ರಮಾಣವನ್ನು ಕೊಡಲು ಸಿದ್ಧರಾದವರು ಇಬ್ಬರೇ. ಅರಿವೂ ಸಹವಾಸವೂ ಕೂಡಿದಲ್ಲಿ ಧರ್ಮಕ್ಕೆ ಧೈರ್ಯ ಬರುವುದು.

ವಿಧೇಯತೆಯು ಸದ್ಗುಣವೇ ಸರಿ. ವಿವೇಕವನ್ನು ತೊರೆದ ವಿಧೇಯತೆ ಸೇವೆಯಾಗದು. ಸಂಶಯ ಬಂದಾಗ ನಿಂತು ಕೇಳುವ ದಾದಿಯು ವೈದ್ಯನನ್ನು ಅವಮಾನಿಸುವುದಿಲ್ಲ, ರೋಗಿಯನ್ನು ಕಾಯುತ್ತಾಳೆ. ಆಕೆ ಚೀಟಿಯನ್ನು ಮತ್ತೊಮ್ಮೆ ಓದಿ, ರೋಗಿಯ ಹೆಸರನ್ನು ಮತ್ತೊಮ್ಮೆ ಕೇಳಿ ತಡಮಾಡಿದಳೆಂದು ಮನೆಯವರು ಗದರಬಾರದು. ಆ ಒಂದು ಕ್ಷಣದ ತಡವೇ ಕೆಲವೊಮ್ಮೆ ಒಂದು ಜೀವವನ್ನು ಉಳಿಸುವುದು.