ಮಳೆ ಬಿಟ್ಟ ಮೇಲೆ ಜೋರಾದ ಜೀರುಂಡೆ

ಪ್ರಶ್ನೆ: ನನಗೆ 51 ವರ್ಷ. ಬಣಕಲ್ ಬಳಿ ಸಣ್ಣ ಕಾಫಿ ತೋಟವಿದೆ. ಆಳು ಸಿಗದ ಕಾರಣ ಏಳೆಂಟು ವರ್ಷದಿಂದ ಕಳೆ ಹೊಡೆಯುವ ಮೆಷಿನ್ ನಾನೇ ಹಿಡಿಯುತ್ತೇನೆ. ಈಗ ಎರಡೂ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದ ಹಾಗೆ ಸದ್ದು. ಮಳೆಗಾಲದಲ್ಲಿ ಅಷ್ಟು ತೊಂದರೆ ಇರಲಿಲ್ಲ. ಮಳೆ ಬಿಟ್ಟ ಮೇಲೆ ನಿದ್ದೆಯೇ ಇಲ್ಲ. ಕುಕ್ಕರ್ ಸೀಟಿ, ಪಾತ್ರೆ ತೊಳೆಯುವ ಸದ್ದು, ಮಕ್ಕಳ ನಗು ಕೂಡ ಕಿವಿಗೆ ಚುಚ್ಚುತ್ತದೆ. ಹತ್ತಿ ಇಟ್ಟುಕೊಂಡೇ ಓಡಾಡುತ್ತೇನೆ. ಮದುವೆ ಮನೆಗೂ ಹೋಗುತ್ತಿಲ್ಲ. ಕಾಫಿ ಬಿಟ್ಟೆ. ಡಾಕ್ಟರು ‘ಇದಕ್ಕೆ ಮದ್ದಿಲ್ಲ, ಹೊಂದಿಕೊಳ್ಳಿ’ ಅಂದರು. ತಲೆ ಕೆಡುತ್ತದೇನೋ ಎಂಬ ಭಯ.
– ಓದುಗ, ಬಣಕಲ್

ಉತ್ತರ: ತಲೆ ಕೆಡುವುದಿಲ್ಲ. ಇದು ಹುಚ್ಚಿನ ಲಕ್ಷಣವಲ್ಲ. ಪರಿಹಾರದ ದಾರಿಯನ್ನು ಪತ್ರದಲ್ಲಿ ನೀವೇ ಬರೆದಿದ್ದೀರಿ: ಮಳೆಗಾಲದಲ್ಲಿ ತೊಂದರೆ ಕಡಿಮೆಯಿತ್ತು. ಶೀಟಿನ ಮೇಲೆ ಮಳೆ ಹೊಯ್ಯುವಾಗ ಕಿವಿಯ ಸದ್ದು ನಿಂತಿರಲಿಲ್ಲ, ಮಿದುಳಿಗೆ ಕೇಳಿಸಿಕೊಳ್ಳಲು ಬೇರೆಯದೂ ಇತ್ತು, ಅಷ್ಟೆ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದರು. ಐದೇ ನಿಮಿಷದಲ್ಲಿ ಶೇ. 94ರಷ್ಟು ಜನರಿಗೆ ಏನಾದರೊಂದು ಸದ್ದು ಕೇಳಿಸಿತು. ಪೂರಾ ನಿಶ್ಶಬ್ದದಲ್ಲಿ ಯಾರ ಮಿದುಳಾದರೂ ಸದ್ದಿಗೆ ತಡಕಾಡುತ್ತದೆ. ನಿಮ್ಮಲ್ಲಿ ಮೆಷಿನ್ನಿನ ಅಬ್ಬರಕ್ಕೆ ಒಳಗಿವಿಯ ರೋಮಕೋಶಗಳು ಹಾಳಾಗಿರಬಹುದು. ಅವು ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಂತೆ ಮಿದುಳು ಹೆಚ್ಚು ಹೆಚ್ಚು ಕಿವಿಗೊಡುತ್ತದೆ. ಒಮ್ಮೆ ಆನೆ ನುಗ್ಗಿದ ತೋಟದ ಕಾವಲುಗಾರ ಎಲೆ ಅಲುಗಿದರೂ ಗರ್ನಾಲು ಹೊಡೆಯುವಂತೆ, ಅದು ಕುಕ್ಕರ್ ಸೀಟಿಗೂ ಬೆಚ್ಚುತ್ತದೆ. ಹತ್ತಿ ತುರುಕಿದಷ್ಟೂ ಈ ಗಾಬರಿ ಬಲಿಯುತ್ತದೆ.

ಆದ್ದರಿಂದ ಮನೆಯೊಳಗೆ ಹತ್ತಿ ಬೇಡ. ಒಂದೇ ದಿನಕ್ಕೆ ತೆಗೆಯಲಾಗದಿದ್ದರೆ ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ. ಪಾತ್ರೆಯನ್ನು ಕೆಲವು ದಿನ ನೀವೇ ತೊಳೆಯಿರಿ; ನಮ್ಮ ಕೈಯಿಂದ ಹೊರಡುವ ಸದ್ದು ಅಷ್ಟಾಗಿ ಬೆಚ್ಚಿಸುವುದಿಲ್ಲ, ಮನೆಯವರಿಗೂ ಸಂತೋಷ. ಮದುವೆಗೆ ಹೋಗಿ, ವಾಲಗ ಮತ್ತು ಸ್ಪೀಕರಿನಿಂದ ದೂರ ಕುಳಿತುಕೊಳ್ಳಿ. ರಾತ್ರಿ ಫ್ಯಾನ್ ಹಾಕಿ, ಇಲ್ಲವೇ ಮೊಬೈಲಿನಲ್ಲಿ ಮಳೆಯ ಸದ್ದು ಹಚ್ಚಿ. ಅದು ಕಿವಿಯ ಸದ್ದನ್ನು ಮುಚ್ಚಿಹಾಕಬಾರದು, ಅದಕ್ಕಿಂತ ತುಸು ಮೆಲ್ಲಗಿರಲಿ. ಎರಡನ್ನೂ ಒಟ್ಟಿಗೆ ಕೇಳುತ್ತಲೇ ಮಿದುಳು ಒಂದನ್ನು ಅಲಕ್ಷಿಸಲು ಕಲಿಯುತ್ತದೆ. ಇದಕ್ಕೆ ತಿಂಗಳುಗಳೇ ಬೇಕು.

ಮೆಷಿನ್ ಹಿಡಿಯುವಾಗಿನ ಮಾತು ಬೇರೆ. ಪೆಟ್ರೋಲ್ ಮೆಷಿನ್ನಿನ ಸದ್ದು ಕಿವಿಯ ಬಳಿ ಸುಮಾರು 95 ಡೆಸಿಬಲ್ ಇರುತ್ತದೆ. 85 ಡೆಸಿಬಲ್ಲಿಗೆ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬಲ್ ಏರಿದಾಗ ಅದು ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ನಿಮಗೆ ಸಿಗುವುದು ಮುಕ್ಕಾಲು ಗಂಟೆ. ಅಲ್ಲಿ ಹತ್ತಿ ಏನೂ ತಡೆಯದು. ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. ಮರ ಕೊಯ್ಯುವಾಗ, ಕೋವಿ ಹಾರಿಸುವಾಗಲೂ ಅಷ್ಟೇ.

ಮದ್ದಿಲ್ಲ ಎಂಬುದು ಗುಳಿಗೆಯ ಮಟ್ಟಿಗೆ ನಿಜ. ಹೊಂದಿಕೊಳ್ಳುವುದು ಹೇಗೆಂದು ಕಲಿಸುವವರು ಇದ್ದಾರೆ. ಇಎನ್‌ಟಿ ವೈದ್ಯರಲ್ಲಿ ಗುಗ್ಗೆ, ಸೋಂಕು ಇದೆಯೇ ಎಂದು ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಬಹುದು. ಕೇಳುವುದು ಕುಂದಿದ್ದರೆ ಶ್ರವಣ ಸಾಧನ ಹಾಕಿಕೊಂಡಾಗ ಹಲವರಿಗೆ ಮೊರೆತವೂ ತಗ್ಗುತ್ತದೆ. ಭಯ ಮತ್ತು ನಿದ್ರಾಹೀನತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ. ಸದ್ದಿನ ಸಂಕಟವನ್ನು ಅದು ಇಳಿಸುತ್ತದೆ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಯಾರು ಹೇಳಿದರೂ ಕಿವಿಗೆ ಹಾಕಬೇಡಿ. ಕಾಫಿ ಕುಡಿಯಿರಿ, ಸಂಜೆ ಮೇಲೆ ಬೇಡ: ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಫೀನ್ ಬಿಟ್ಟವರ ಮೊರೆತ ಕಡಿಮೆಯಾಗಲಿಲ್ಲ.

ಸದ್ದು ಒಂದೇ ಕಿವಿಗೆ ಬಂದರೆ, ನಾಡಿ ಮಿಡಿತದೊಂದಿಗೆ ತಾಳ ಹಾಕಿದರೆ, ತಲೆಸುತ್ತು ಜತೆಗೂಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅದೇ ದಿನ ಹೊರಡಿ. ಅದಕ್ಕೆ ಮೊದಲ ಕೆಲವು ದಿನಗಳ ಚಿಕಿತ್ಸೆಯೇ ಮುಖ್ಯ. ರಾತ್ರಿ ಬದುಕೇ ಸಾಕೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.